ಸ್ವಂತ ಬೋಟ್‌ನಲ್ಲಿ ಕಾರವಾರದಿಂದ ಮಂಗಳೂರು: ಕಡಲಿದೆ, ಬಂದರಿದೆ, ನಿಲ್ಲೋಕೆ ಜಾಗ ಎಲ್ಲಿದೆ?

ಸುದ್ದಗುಂಟೆಪಾಳ್ಯದಲ್ಲಿ ನೀರು ಅಂದ್ರೆ ಟ್ಯಾಂಕರ್, ಬೋಟಿಂಗ್ ಅಂದ್ರೆ ಪಕ್ಕದ ಮಡಿವಾಳ ಕೆರೆ. ಹಾಗಿರುವಾಗ ತಾವರೆಕೆರೆ ಮೇನ್ ರೋಡಿನ ಟೀ ಅಂಗಡಿ ಮುಂದೆ ಒಬ್ಬ ಗೆಳೆಯರು ಕೇಳಿದ ಪ್ರಶ್ನೆ ಸ್ವಲ್ಪ ವಿಚಿತ್ರ ಅನಿಸಿತು. ಹಾಯಿದೋಣಿಯಲ್ಲೇ ಸಂಸಾರ ಮಾಡಿಕೊಂಡು ಬಂದರಿನಿಂದ ಬಂದರಿಗೆ ಹೋಗುವವರ ವಿಡಿಯೊಗಳನ್ನು ಅವರು ತಿಂಗಳುಗಟ್ಟಲೆ ನೋಡಿದ್ದಾರೆ. "ಅಲ್ಲಾ, ನಮಗೂ 320 ಕಿಲೋಮೀಟರ್ ಕರಾವಳಿ ಇದೆಯಲ್ವಾ? ಒಂದು ಸಣ್ಣ ಬೋಟ್ ತಗೊಂಡು ಮಂಗಳೂರು, ಮಲ್ಪೆ, ಹೊನ್ನಾವರ ಅಂತ ಊರೂರಲ್ಲಿ ನಿಂತ್ಕೊಂಡು ಆರಾಮಾಗಿ ಹೋಗೋಕಾಗಲ್ವಾ?"

ನಗಬೇಡಿ. ಪ್ರಶ್ನೆ ಸರಿಯಾಗಿಯೇ ಇದೆ. ಕರಾವಳಿ ನೋಡಲು ನಾವು ಶಿರಾಡಿ ಘಾಟಿ ಇಳಿದು ಹೋಗುತ್ತೇವೆ, ಹೆದ್ದಾರಿ 66ರಲ್ಲಿ ಓಡಾಡುತ್ತೇವೆ, ಕೊಂಕಣ ರೈಲು ಹತ್ತುತ್ತೇವೆ. ಕಡಲಿನ ಕಡೆಯಿಂದ ಕರಾವಳಿಯನ್ನು ನೋಡುವವರು ಮೀನುಗಾರರು, ನೌಕಾಪಡೆ, ಕೋಸ್ಟ್ ಗಾರ್ಡ್ ಮತ್ತು ಸರಕು ಹಡಗಿನವರು ಮಾತ್ರ. ಸಾಮಾನ್ಯ ನಾಗರಿಕನಿಗೆ ಆ ದಾರಿ ಇದೆಯೇ? ಇದ್ದರೆ ಎಷ್ಟು ದೂರ, ಯಾವ ಕಾಲ, ಯಾವ ಬಂದರು, ಯಾರ ಅನುಮತಿ? ಇಲ್ಲದಿದ್ದರೆ ಯಾಕಿಲ್ಲ? ಅದನ್ನೆಲ್ಲ ಒಂದು ಕಡೆ ಕೂಡಿಸುವ ಪ್ರಯತ್ನ ಇದು.

ಮೊದಲಿಗೆ, ಯಾವ ಪ್ರಯಾಣದ ಮಾತು?

ನವಮಂಗಳೂರು ಬಂದರಿಗೆ ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ವಿದೇಶಿ ಪ್ರವಾಸಿ ಹಡಗುಗಳು ಬರುತ್ತವೆ. ಸಾವಿರಾರು ಜನ ಇಳಿದು ಕಾರ್ಕಳ, ಮೂಡುಬಿದಿರೆ ನೋಡಿ ಸಂಜೆ ಹಡಗಿಗೆ ವಾಪಸ್. ಕೇಂದ್ರ ಸರ್ಕಾರ 2024ರ ಸೆಪ್ಟೆಂಬರ್‌ನಲ್ಲಿ ಶುರು ಮಾಡಿದ 'ಕ್ರೂಸ್ ಭಾರತ್ ಮಿಷನ್' ಮುಖ್ಯವಾಗಿ ನೋಡುತ್ತಿರುವುದು ಅಂಥ ದೊಡ್ಡ ವ್ಯವಹಾರದ ಕಡೆ.

ಇಲ್ಲಿ ಹೇಳುತ್ತಿರುವುದು ಅದಲ್ಲ. ಎಂಟರಿಂದ ಹನ್ನೆರಡು ಮೀಟರ್ ಉದ್ದದ ಸ್ವಂತ ಬೋಟ್. ಹಾಯಿ ಇರಬಹುದು, ಎಂಜಿನ್ ಇರಬಹುದು, ಎರಡೂ ಇರಬಹುದು. ಒಳಗೆ ಮಲಗಲು ಎರಡು ಮಂಚ, ಒಂದು ಒಲೆ. ಹಗಲಲ್ಲಿ ದಡ ಕಾಣುವಷ್ಟು ದೂರದಲ್ಲಿ ಸಾಗುವುದು, ಸಂಜೆಯೊಳಗೆ ಬಂದರು ಸೇರಿ ಲಂಗರು ಹಾಕುವುದು, ದಡಕ್ಕಿಳಿದು ಊಟ ಮಾಡುವುದು, ಮನಸ್ಸಾದರೆ ಇನ್ನೊಂದು ದಿನ ನಿಲ್ಲುವುದು. ಇಂಥ ಹಾಯಿದೋಣಿಯ ವೇಗ ಸುಮಾರು 5 ನಾಟ್, ಅಂದ್ರೆ ಗಂಟೆಗೆ 9 ಕಿ.ಮೀ. ಸೈಕಲ್‌ಗಿಂತ ನಿಧಾನ.

ದೂರ ಎಷ್ಟು?

ಕಡಲಿನಲ್ಲಿ ಲೆಕ್ಕ ನಾಟಿಕಲ್ ಮೈಲಿಯಲ್ಲಿ. ಒಂದು ನಾಟಿಕಲ್ ಮೈಲಿ 1.852 ಕಿ.ಮೀ. ಅಕ್ಷಾಂಶದ ಒಂದು ಮಿನಿಟು ಸರಿಸುಮಾರು ಒಂದು ನಾಟಿಕಲ್ ಮೈಲಿ ಆಗುವುದರಿಂದ, ಭೂಪಟ ಇಟ್ಟುಕೊಂಡು ನೀವೇ ಲೆಕ್ಕ ಹಾಕಬಹುದು. ಕಾರವಾರದಿಂದ ತದಡಿಗೆ ಸುಮಾರು 22 ಮೈಲಿ, ಅಲ್ಲಿಂದ ಹೊನ್ನಾವರಕ್ಕೆ 16, ಭಟ್ಕಳಕ್ಕೆ 20, ಗಂಗೊಳ್ಳಿಗೆ 21, ಮಲ್ಪೆಗೆ 18, ಮಂಗಳೂರಿನ ಹಳೆ ಬಂದರಿಗೆ 31. ಒಟ್ಟು 130 ಮೈಲಿಯ ಆಸುಪಾಸು, ಅಂದ್ರೆ 240 ಕಿ.ಮೀ. ಕರಾವಳಿಯ ಉದ್ದ 320 ಕಿ.ಮೀ. ಅನ್ನುವಾಗ ಕೊಲ್ಲಿ, ಅಳಿವೆಗಳ ಅಂಕುಡೊಂಕೂ ಸೇರಿರುತ್ತೆ.

5 ನಾಟ್ ವೇಗದಲ್ಲಿ ಒಟ್ಟು 26 ಗಂಟೆ. ಆರು ದಿನಕ್ಕೆ ಹಂಚಿದರೆ ದಿನಕ್ಕೆ ಮೂರರಿಂದ ಆರು ಗಂಟೆ ಪ್ರಯಾಣ. ಯಾವ ಹಂತದಲ್ಲೂ ರಾತ್ರಿ ಸಾಗಬೇಕಿಲ್ಲ. ಇಷ್ಟು ಹತ್ತಿರ ಹತ್ತಿರ ಬಂದರುಗಳಿರುವುದು ಈ ದಂಡೆಯ ದೊಡ್ಡ ಅನುಕೂಲ. ಘಟ್ಟದಿಂದ ಇಳಿಯುವ ಪ್ರತಿ ಹೊಳೆಯೂ ಕಡಲು ಸೇರುವಲ್ಲಿ ಒಂದು ಬಂದರನ್ನು ಕೊಟ್ಟಿದೆ.

ಯಾವ ಕಾಲ, ಯಾವ ದಿಕ್ಕು?

ಜೂನ್‌ನಿಂದ ಆಗಸ್ಟ್‌ವರೆಗೆ ಮಾತೇ ಇಲ್ಲ. ನೈಋತ್ಯ ಮುಂಗಾರಿನ ಅಲೆ, ಗಾಳಿ ಎರಡೂ ನೇರ ದಡಕ್ಕೆ ಬಡಿಯುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಮೀನಿನ ಸಂತತಿಗಾಗಿ ಮಾಡಿದ ನಿಯಮ ಅದು. ಆದರೆ ಅನುಭವಿ ತಾಂಡೇಲರೇ ಬೋಟ್ ದಕ್ಕೆಗೆ ಕಟ್ಟಿ ಬಲೆ ಹೆಣೆಯುವ ಕಾಲದಲ್ಲಿ ಹವ್ಯಾಸಕ್ಕೆ ಕಡಲಿಗಿಳಿಯುವುದು ಮೂರ್ಖತನ.

ಒಳ್ಳೆಯ ಕಾಲ ನವೆಂಬರ್‌ನಿಂದ ಫೆಬ್ರವರಿ. ಬೆಳಿಗ್ಗೆ ಘಟ್ಟದ ಕಡೆಯಿಂದ ತೆಳ್ಳನೆಯ ನೆಲಗಾಳಿ, ಮಧ್ಯಾಹ್ನದ ಮೇಲೆ ವಾಯವ್ಯದಿಂದ ಕಡಲಗಾಳಿ. ಸೂರ್ಯ ಹುಟ್ಟುವಾಗ ಹೊರಟು ಮೂರು ಗಂಟೆಯೊಳಗೆ ಬಂದರು ಸೇರುವುದು ಸುಖ. ಮಾರ್ಚ್ ನಂತರ ಮಧ್ಯಾಹ್ನದ ವಾಯವ್ಯ ಗಾಳಿ ಜೋರಾಗುತ್ತೆ. ಮೇ ತಿಂಗಳನ್ನು ನಂಬುವಂತಿಲ್ಲ: 2021ರ ಮೇನಲ್ಲಿ ತೌಕ್ತೆ ಚಂಡಮಾರುತ ಬಂದಾಗ ಮುಲ್ಕಿ ಹತ್ತಿರ ಬಂಡೆಗೆ ಸಿಕ್ಕಿಕೊಂಡ ಟಗ್ ಒಂದರಿಂದ 9 ಜನರನ್ನು ಕೋಸ್ಟ್ ಗಾರ್ಡ್ ಮತ್ತು ನೌಕಾಪಡೆ ಸೇರಿ ಕಾಪಾಡಬೇಕಾಯಿತು. ಅದು ವೃತ್ತಿಪರರಿದ್ದ ಬೋಟ್.

ಗಾಳಿ ವಾಯವ್ಯದ್ದಾದ್ದರಿಂದ ದಿಕ್ಕಿನ ಪ್ರಶ್ನೆಯೂ ಬರುತ್ತೆ. ನಕ್ಷೆ ನೋಡಿದವರು ಸಹಜವಾಗಿ ಮಂಗಳೂರಿನಿಂದ ಶುರು ಮಾಡುತ್ತಾರೆ. ಹಾಯಿದೋಣಿಗೆ ಅದು ಎದುರುಗಾಳಿ. ಕಾರವಾರದಿಂದ ದಕ್ಷಿಣಕ್ಕೆ ಹೊರಟರೆ ಅದೇ ಗಾಳಿ ಬೆನ್ನಿಗೆ. ಆದ್ದರಿಂದ ಇಲ್ಲಿ ಬಂದರುಗಳನ್ನು ಉತ್ತರದಿಂದ ದಕ್ಷಿಣಕ್ಕೆ ನೋಡುತ್ತಾ ಹೋಗೋಣ.

ಬಂದರಿನಿಂದ ಬಂದರಿಗೆ

*ಕಾರವಾರ.* ರಾಜ್ಯ ಸರ್ಕಾರದ ಬಂದರುಗಳಲ್ಲಿ ನಿಸರ್ಗವೇ ಆಸರೆ ಕೊಟ್ಟ ಜಾಗ ಇದು. ಬೈತಖೋಲದ ಗುಡ್ಡ ಗಾಳಿ ತಡೆಯುತ್ತೆ. ಎದುರಿಗೆ ದೇವಗಡ ದ್ವೀಪದ ದೀಪಸ್ತಂಭ, ಉತ್ತರಕ್ಕೆ ಕಾಳಿ ನದಿಯ ಅಳಿವೆ, ಅದರಾಚೆ ಸದಾಶಿವಗಡ. ನರಸಿಂಹ ದೇವಸ್ಥಾನವಿರುವ ಕೂರ್ಮಗಡ ದ್ವೀಪವೂ ಹತ್ತಿರ. ಆದರೆ ಈ ದ್ವೀಪದ ಹೆಸರು ಕೇಳಿದರೆ ಕಾರವಾರದವರಿಗೆ 2019ರ ಜನವರಿ 21 ನೆನಪಾಗುತ್ತೆ. ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ 16 ಮಂದಿ ಸತ್ತರು. ಜನ ಹೆಚ್ಚಿದ್ದರು, ಲೈಫ್ ಜಾಕೆಟ್ ಎಲ್ಲರಿಗೂ ಇರಲಿಲ್ಲ ಅನ್ನುವ ವರದಿಗಳು ಬಂದವು. ದಡ ಕಣ್ಣಿಗೆ ಕಾಣುವಷ್ಟು ಹತ್ತಿರವಿತ್ತು.

*ಕಾರವಾರ ಬಿಟ್ಟ ಕೂಡಲೇ.* ದಕ್ಷಿಣಕ್ಕೆ ಬಿಣಗಾ, ಅರಗಾ ಎದುರಿನ ನೀರು ಐಎನ್ಎಸ್ ಕದಂಬ ನೌಕಾನೆಲೆಯದು. 2005ರ ಮೇ 31ರಂದು ಕಾರ್ಯಾರಂಭ ಮಾಡಿದ ಈ ನೆಲೆಯ ಸುತ್ತ ಖಾಸಗಿ ಬೋಟ್‌ಗೆ ಪ್ರವೇಶವಿಲ್ಲ. ಅಂಜದೀವ್ ದ್ವೀಪವೂ ಅದರ ಭಾಗ. 1498ರಲ್ಲಿ ವಾಸ್ಕೋ ಡ ಗಾಮ ವಾಪಸಾಗುವಾಗ ಹಡಗು ರಿಪೇರಿಗೆ ನಿಂತಿದ್ದು ಈ ದ್ವೀಪದಲ್ಲೇ. ಇವತ್ತು ಅಲ್ಲಿ ನಿಲ್ಲುವ ಯೋಚನೆಯೂ ಬೇಡ. ದೂರದಿಂದ ಸುತ್ತು ಹಾಕಿಕೊಂಡು ಬೇಲೆಕೇರಿ ದಾಟಿ ಬನ್ನಿ.

*ಗೋಕರ್ಣ, ತದಡಿ.* ಓಂ ಬೀಚ್, ಹಾಫ್ ಮೂನ್ ಬೀಚ್‌ಗಳ ಎದುರು ಶಾಂತ ದಿನಗಳಲ್ಲಿ ಹಗಲು ಹೊತ್ತು ಲಂಗರು ಹಾಕಬಹುದು; ರಾತ್ರಿಗೆ ಅಘನಾಶಿನಿಯ ಒಳಗಿರುವ ತದಡಿಯೇ ಸರಿ. ಅಣೆಕಟ್ಟು ಇಲ್ಲದೆ ಹರಿದು ಬರುವ ಈ ನದಿಯ ಅಳಿವೆಗೆ 2024ರ ಜನವರಿಯಲ್ಲಿ ರಾಮ್ಸರ್ ಜೌಗುಪ್ರದೇಶದ ಮಾನ್ಯತೆ ಸಿಕ್ಕಿತು. ಇಳಿತದ ಹೊತ್ತಲ್ಲಿ ಹೆಂಗಸರು ಸೊಂಟದ ಮಟ್ಟದ ನೀರಲ್ಲಿ ನಿಂತು ಬಳಚು ಆಯುತ್ತಿರುತ್ತಾರೆ. ನೀವು ಲಂಗರು ಹಾಕುವ ಕೆಸರು ಅವರ ಹೊಲ ಅನ್ನುವುದು ನೆನಪಿರಲಿ.

*ಹೊನ್ನಾವರ.* ಶರಾವತಿಯ ಅಳಿವೆ. ಮುಂದೆ ಬಸವರಾಜದುರ್ಗ ದ್ವೀಪ, ಒಳಗೆ ಮಾವಿನಕುರ್ವೆ, ಕಾಂಡ್ಲಾ ಕಾಡು. ನೋಡಲು ಈ ದಾರಿಯ ಅತಿ ಚೆಂದದ ನಿಲ್ದಾಣ, ಒಳಹೋಗಲು ಅತಿ ಕಷ್ಟದ್ದು. ಮರಳು ಸರಿಯುತ್ತಿರುವುದರಿಂದ ಕಾಲುವೆಯ ಜಾಗ ಬದಲಾಗುತ್ತಲೇ ಇರುತ್ತೆ. ಊರಿನ ಬೋಟ್‌ನವರೊಬ್ಬರನ್ನು ಮುಂದೆ ಬಿಟ್ಟುಕೊಂಡು ಹಿಂದೆ ಹೋಗುವುದೊಂದೇ ಬುದ್ಧಿವಂತಿಕೆ.

*ಮುರ್ಡೇಶ್ವರ, ನೇತ್ರಾಣಿ, ಭಟ್ಕಳ.* ಮುರ್ಡೇಶ್ವರದ ಗೋಪುರ ಮತ್ತು 123 ಅಡಿಯ ಶಿವನ ಮೂರ್ತಿ ಕಡಲಿನಿಂದ ಬಹಳ ದೂರಕ್ಕೆ ಗುರುತು ಸಿಗುತ್ತವೆ. ಅಲ್ಲಿಂದ ಸುಮಾರು 10 ಮೈಲಿ ಪಶ್ಚಿಮಕ್ಕೆ ನೇತ್ರಾಣಿ. ಹವಳ, ಬಣ್ಣದ ಮೀನುಗಳಿಂದಾಗಿ ಸ್ಕೂಬಾ ಡೈವಿಂಗ್‌ಗೆ ಹೆಸರಾದ ದ್ವೀಪ; ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿದ್ದೂ ಇದನ್ನೇ. ಅಲ್ಲಿ ಹವಳದ ಮೇಲೆ ಲಂಗರು ಬಿಡುವುದು ಅಂದ್ರೆ ತೋಟದೊಳಗೆ ಟ್ರ್ಯಾಕ್ಟರ್ ನುಗ್ಗಿಸಿದಂತೆ. ರಾತ್ರಿ ನಿಲುಗಡೆಗೆ ಭಟ್ಕಳ ಬಂದರು.

*ಗಂಗೊಳ್ಳಿ.* ಸೌಪರ್ಣಿಕಾ, ಚಕ್ರಾ, ವಾರಾಹಿ ಸೇರಿ ಐದು ಹೊಳೆಗಳು ಒಟ್ಟಾಗಿ ಕಡಲು ಸೇರುವ ಪಂಚಗಂಗಾವಳಿ ಇಲ್ಲಿದೆ. ಒಳಗಡೆ ನೀರು ವಿಶಾಲ. ಎದುರು ದಡದಲ್ಲಿ ಕುಂದಾಪುರ, ಹೊಳೆಯ ಮೇಲ್ಗಡೆ ಬಸ್ರೂರು.

*ಮಲ್ಪೆ.* ರಾಜ್ಯದ ಅತಿ ಗಿಜಿಗುಡುವ ಮೀನುಗಾರಿಕಾ ಬಂದರು. ಮಳೆಗಾಲದಲ್ಲಂತೂ ಬೋಟ್‌ಗಳು ಒಂದಕ್ಕೊಂದು ಅಂಟಿಕೊಂಡೇ ನಿಂತಿರುತ್ತವೆ. ಎದುರಿಗಿರುವ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಸುಮಾರು 8.8 ಕೋಟಿ ವರ್ಷ ಹಳೆಯ ಲಾವಾ. ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ ಗುರುತು.

*ಮಂಗಳೂರು.* 1901ರಲ್ಲಿ ಕಟ್ಟಿದ ಕಾಪು ದೀಪಸ್ತಂಭ ದಾಟಿದ ಮೇಲೆ ಪಣಂಬೂರಿನಲ್ಲಿ ನವಮಂಗಳೂರು ಬಂದರು ಸಿಗುತ್ತೆ. ಅದು ದೊಡ್ಡ ಹಡಗುಗಳದ್ದು. ಸಣ್ಣ ಬೋಟ್‌ಗೆ ನೇತ್ರಾವತಿ–ಫಲ್ಗುಣಿ ಕೂಡುವ ಅಳಿವೆಯ ಒಳಗಿನ ಹಳೆ ಬಂದರು. ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಸಿಮೆಂಟ್ ತುಂಬಿಕೊಂಡು ಮಂಜಿಗಳು ಹೊರಡುವುದೂ ಇಲ್ಲಿಂದಲೇ.

ನಿಜವಾದ ಅಪಾಯ ಎಲ್ಲಿ?

ನಡುಗಡಲಿನಲ್ಲಿ ಅಂದುಕೊಂಡರೆ ತಪ್ಪು. ಈ ದಂಡೆಯಲ್ಲಿ ಅಪಾಯ ಇರುವುದು ಅಳಿವೆ ಬಾಗಿಲಲ್ಲಿ. ಹೊಳೆ ಮರಳು ತಂದು ಹಾಕುತ್ತೆ, ಕಡಲು ಅದನ್ನು ವಾಪಸ್ ತಳ್ಳುತ್ತೆ. ನಡುವೆ ನೀರಿನಡಿ ಒಂದು ದಿಬ್ಬ ಏಳುತ್ತೆ. ಹೊರಗಿನಿಂದ ಬರುವ ಅಲೆ ಆ ದಿಬ್ಬದ ಮೇಲೆ ಎದ್ದು ಒಡೆಯುತ್ತೆ. ಇಳಿತದ ನೀರು ಹೊರಕ್ಕೆ ರಭಸದಲ್ಲಿ ಬರುತ್ತಿದ್ದು, ಎದುರಿನಿಂದ ಕಡಲಗಾಳಿಯೂ ಬೀಸುತ್ತಿದ್ದರೆ ಅಲೆ ಕಡಿದಾಗಿ ನಿಲ್ಲುತ್ತೆ. ಮೀನುಗಾರಿಕಾ ದೋಣಿಗಳು ಮಗುಚಿದ ಸುದ್ದಿಗಳಲ್ಲಿ ಎಷ್ಟೋ ಅಳಿವೆಯವೇ. ನಮ್ಮಲ್ಲಿ ಉಬ್ಬರ–ಇಳಿತದ ವ್ಯತ್ಯಾಸ ಒಂದೂವರೆ ಮೀಟರ್ ಆಸುಪಾಸು ಅಷ್ಟೇ. ಆದರೆ ದಿಬ್ಬದ ಮೇಲೆ ಎರಡು ಮೀಟರ್ ನೀರಿರುವಲ್ಲಿ ಅದು ಬಹಳ ದೊಡ್ಡ ವ್ಯತ್ಯಾಸ. ನಿಯಮ ಸರಳ: ಉಬ್ಬರ ಏರುತ್ತಿರುವಾಗ, ಬೆಳಕಿರುವಾಗ, ಊರವರನ್ನು ಕೇಳಿಕೊಂಡು ಒಳಹೋಗಿ.

ಎರಡನೆಯದು ಬಲೆ. ದಡದ ಹತ್ತಿರದ ನೀರಿನ ತುಂಬ ಬೀಡುಬಲೆಗಳಿರುತ್ತವೆ. ಗುರುತಿಗೆ ಒಂದು ಸಣ್ಣ ಬಾವುಟ ಅಥವಾ ಥರ್ಮೋಕೋಲ್ ತುಂಡು ಮಾತ್ರ. ಪ್ರೊಪೆಲ್ಲರ್‌ಗೆ ಬಲೆ ಸುತ್ತಿಕೊಂಡರೆ ನಿಮ್ಮ ಎಂಜಿನ್ ನಿಲ್ಲುತ್ತೆ, ಇನ್ನೊಬ್ಬರ ತಿಂಗಳ ದುಡಿಮೆ ಹರಿದುಹೋಗುತ್ತೆ. ಮೂರನೆಯದು ಸೇತುವೆ. ಹಾಯಿದೋಣಿಯ ಕಂಬ ಹತ್ತು–ಹದಿನೈದು ಮೀಟರ್ ಎತ್ತರ. ಹೆದ್ದಾರಿಯ ಸೇತುವೆಗಳಡಿ ಅದು ನುಸುಳುವುದಿಲ್ಲ. ಹೊಳೆಯ ಮೇಲ್ಗಡೆ ಹೋಗಬೇಕೆಂದರೆ ಬಾಡಿಗೆ ದೋಣಿಯೇ ಗತಿ. ಕಾಳಿಯ ಹಳೆಯ ಸೇತುವೆ 2024ರ ಆಗಸ್ಟ್‌ನಲ್ಲಿ ಕುಸಿದದ್ದು ನೆನಪಿದ್ದರೆ, ಸೇತುವೆ ಕೆಳಗಿನ ನೀರನ್ನು ಯಾಕೆ ನಂಬಬಾರದು ಅನ್ನುವುದೂ ಗೊತ್ತಾಗುತ್ತೆ.

ಕಾಗದಪತ್ರ ಏನೇನು?

ಹೊಳೆ, ಹಿನ್ನೀರು, ಅಳಿವೆಯೊಳಗಿನ ಓಡಾಟಕ್ಕೆ 2021ರ ಒಳನಾಡು ನೌಕೆಗಳ ಕಾಯ್ದೆ. ಕಡಲಿಗೆ ಬಂದರೆ ವ್ಯಾಪಾರಿ ಹಡಗು ಕಾಯ್ದೆ. 1958ರ ಹಳೆ ಕಾಯ್ದೆಯಲ್ಲಿ ಕರಾವಳಿಯಲ್ಲಷ್ಟೇ ಓಡುವ, 15 ಟನ್ ಮೀರದ ಭಾರತೀಯ ನೌಕೆಗೆ ನೋಂದಣಿಯಿಂದ ವಿನಾಯಿತಿ ಇತ್ತು. 2025ರಲ್ಲಿ ಸಂಸತ್ತು ಹೊಸ ವ್ಯಾಪಾರಿ ಹಡಗು ಕಾಯ್ದೆ, ಹೊಸ ಕರಾವಳಿ ಹಡಗು ಸಾಗಣೆ ಕಾಯ್ದೆ, 1908ರ ಕಾಯ್ದೆಯ ಬದಲಿಗೆ ಹೊಸ ಬಂದರು ಕಾಯ್ದೆಗಳನ್ನು ಅಂಗೀಕರಿಸಿತು. ಹೊಸದರಲ್ಲಿ 'ನೌಕೆ'ಯ ವ್ಯಾಖ್ಯೆ ವಿಸ್ತಾರವಾಗಿದೆ. ಆದ್ದರಿಂದ ಹಳೆ ವಿನಾಯಿತಿ ನಂಬಿಕೊಂಡು ಬೋಟ್ ಖರೀದಿಸಬೇಡಿ.

ಬಂದರುಗಳ ಉಸ್ತುವಾರಿ ಹಂಚಿಹೋಗಿದೆ. ನವಮಂಗಳೂರು ಕೇಂದ್ರದ್ದು. ಕಾರವಾರ, ಹಳೆ ಮಂಗಳೂರಿನಂಥ ಕಿರು ಬಂದರುಗಳು ರಾಜ್ಯದ ಮ್ಯಾರಿಟೈಮ್ ಬೋರ್ಡ್ ವ್ಯಾಪ್ತಿಗೆ. ಮೀನುಗಾರಿಕಾ ಬಂದರುಗಳ ದಕ್ಕೆ ಮೀನುಗಾರಿಕೆ ಇಲಾಖೆಯದ್ದು. ಭದ್ರತೆ ಕರಾವಳಿ ಕಾವಲು ಪೊಲೀಸರದ್ದು. ಅವರ ಕೇಂದ್ರ ಕಚೇರಿ ಮಲ್ಪೆಯಲ್ಲಿ. ಅದರಾಚೆ ಕೋಸ್ಟ್ ಗಾರ್ಡ್, ಕಾರವಾರದ ಬಳಿ ನೌಕಾಪಡೆ. ಆರು ದಿನದ ಪ್ರವಾಸಕ್ಕೆ ಇಷ್ಟೂ ಜನರಿಗೆ ಉತ್ತರ ಕೊಡಬೇಕು.

ಇದಕ್ಕೆ ಕಾರಣವಿದೆ. 2008ರ ನವೆಂಬರ್ 26ರಂದು ಮುಂಬೈಗೆ ಬಂದ ದಾಳಿಕೋರರು ಅಪಹರಿಸಿದ ಮೀನುಗಾರಿಕಾ ಬೋಟ್‌ನಲ್ಲೇ ಬಂದಿದ್ದರು. ಆಮೇಲೆ ಮೀನುಗಾರರಿಗೆ ಬಯೋಮೆಟ್ರಿಕ್ ಗುರುತಿನ ಚೀಟಿ, ರಾಜ್ಯಕ್ಕೊಂದು ಬಣ್ಣದ ಬೋಟ್, ತಪಾಸಣೆ ಎಲ್ಲ ಬಂತು. ಪರಿಚಯವಿಲ್ಲದ ಬಿಳಿ ಹಾಯಿದೋಣಿ ಬಂದರೆ ಮೊದಲು ಪೊಲೀಸರಿಗೆ ಫೋನ್ ಮಾಡುವವರು ಮೀನುಗಾರರೇ; ಹಾಗೆ ಮಾಡಿ ಎಂದು ಅವರಿಗೆ ಹೇಳಿಕೊಟ್ಟಿದೆ ಕೂಡ. ಅದನ್ನು ಅವಮಾನ ಅಂದುಕೊಳ್ಳಬಾರದು.

ವಿಡಿಯೊ ನೋಡಿ ಕಲಿತವರಿಗೆ ಒಂದು ಎಚ್ಚರಿಕೆ. ವಿದೇಶಿ ಹಾಯಿಗರ ಕೈಯಲ್ಲಿ ಕಾಣುವ ಥುರಾಯಾ, ಇರಿಡಿಯಂ ಥರದ ಸ್ಯಾಟಲೈಟ್ ಫೋನ್‌ಗಳನ್ನು ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಇಟ್ಟುಕೊಳ್ಳುವಂತಿಲ್ಲ. ಕೇಸ್ ಆಗುತ್ತೆ. ವಿಎಚ್‌ಎಫ್ ರೇಡಿಯೊ ಇರಲಿ; ಆಪತ್ತಿನ ಕರೆ ಚಾನೆಲ್ 16ರಲ್ಲಿ. ದಡದ ಹತ್ತಿರ ಮೊಬೈಲ್ ಸಿಗುವಲ್ಲಿ ಕೋಸ್ಟ್ ಗಾರ್ಡ್‌ಗೆ 1554, ಕರಾವಳಿ ಪೊಲೀಸರಿಗೆ 1093.

ವಿದೇಶಿ ಬಾವುಟದ ಬೋಟ್ ಆದರೆ ಮೊದಲು ಕಸ್ಟಮ್ಸ್, ವಲಸೆ ತಪಾಸಣೆ ಇರುವ ಬಂದರಿಗೇ ಬರಬೇಕು. ಇ–ವೀಸಾ ಇರುವವರು ಇಳಿಯಬಹುದು ಎಂದು ಮೊದಲು ಗೊತ್ತುಮಾಡಿದ ಐದು ಬಂದರುಗಳಲ್ಲಿ ಮಂಗಳೂರೂ ಇದೆ. ಉಳಿದವು ಕೊಚ್ಚಿ, ಗೋವಾ, ಮುಂಬೈ, ಚೆನ್ನೈ. ಅಂದರೆ ಬಾಗಿಲು ಕಾಗದದ ಮೇಲೆ ತೆರೆದಿದೆ. ಆದರೂ ಹಾಯಿದೋಣಿಯವರು ಗೋವಾದಿಂದ ಹೊರಟು ಕೊಚ್ಚಿಯಲ್ಲಿ ನಿಲ್ಲಲು ನೋಡುತ್ತಾರೆ. ಕೊಚ್ಚಿಯ ಬೋಲ್ಗಾಟಿ ದ್ವೀಪದಲ್ಲಿ ಬೋಟ್ ಕಟ್ಟಲು ತೇಲುಗಟ್ಟೆ, ಕುಡಿಯುವ ನೀರು, ಕರೆಂಟು ಎಲ್ಲ ಇರುವ ಮರೀನಾ ಇದೆ. ನಮ್ಮಲ್ಲಿ ಇಲ್ಲ.

ಇದು ಹೊಸ ಆಸೆಯೇನಲ್ಲ

ಈ ದಂಡೆಯಲ್ಲಿ ಬಂದರಿನಿಂದ ಬಂದರಿಗೆ ಹೋಗುವುದು ಶತಮಾನಗಳ ಕಾಲ ಸಾಮಾನ್ಯ ಪ್ರಯಾಣವಾಗಿತ್ತು. 14ನೇ ಶತಮಾನದಲ್ಲಿ ಇಬ್ನ್ ಬತೂತ ಹೊನ್ನಾವರ, ಬಾರ್ಕೂರು, ಮಂಗಳೂರುಗಳಲ್ಲಿ ಇಳಿದು ಹೋದ. ಹೊನ್ನಾವರದಲ್ಲಿ ಹುಡುಗರಿಗೆ 23, ಹುಡುಗಿಯರಿಗೆ 13 ಶಾಲೆಗಳಿದ್ದವು ಎಂದು ಬರೆದಿಟ್ಟ. ಬಾರ್ಕೂರಿನ ಬಗ್ಗೆ ಅವನು ಹೇಳುವುದು ಇನ್ನೂ ಸ್ವಾರಸ್ಯ: ದಾಟಿಹೋಗುವ ಹಡಗು ನಿಂತು ಅಲ್ಲಿನ ಅರಸನಿಗೆ 'ಬಂದರಿನ ಹಕ್ಕು' ಸಲ್ಲಿಸಲೇಬೇಕು, ತಪ್ಪಿಸಿಕೊಂಡರೆ ಬೆನ್ನಟ್ಟಿ ಹಿಡಿದು ಎರಡು ಪಟ್ಟು ವಸೂಲಿ. ಬಂದರಿನ ಶುಲ್ಕ, ಕಾಗದಪತ್ರದ ಕಿರಿಕಿರಿ ಇವತ್ತಿನದಲ್ಲ. ಆದರೆ ಆಗ ಯಾರಿಗೆ ಕೊಡಬೇಕು ಅನ್ನುವುದಾದರೂ ಸ್ಪಷ್ಟವಾಗಿತ್ತು. 1665ರ ಫೆಬ್ರವರಿಯಲ್ಲಿ ಶಿವಾಜಿ ಹಡಗುಪಡೆ ಕಟ್ಟಿಕೊಂಡು ಬಂದು ಬಸ್ರೂರನ್ನು ಲೂಟಿ ಮಾಡಿ ಗೋಕರ್ಣಕ್ಕೆ, ಅಲ್ಲಿಂದ ಕಾರವಾರದ ಕಡೆ ಹೋದದ್ದೂ ಇದೇ ದಾರಿ.

ವಿಹಾರಕ್ಕಾಗಿಯೇ ನೀರಿಗಿಳಿದವರ ಪೈಕಿ ಹೆಸರಾಂತ ಉದಾಹರಣೆ ರವೀಂದ್ರನಾಥ ಠಾಕೂರರದ್ದು. 1880ರ ದಶಕದ ಆರಂಭದಲ್ಲಿ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ಅವರು ಅಲ್ಲಿಗೆ ಬಂದಿದ್ದರು. ಒಂದು ಸಂಜೆ ದೋಣಿಯಲ್ಲಿ ಕಾಳಿ ನದಿಯ ಮೇಲ್ಗಡೆ ಹೋಗಿ, ಬೆಳದಿಂಗಳಲ್ಲಿ ಇಳಿತದ ನೀರಿನ ಜೊತೆ ತೇಲಿಕೊಂಡು ವಾಪಸಾದ ರಾತ್ರಿಯನ್ನು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಅವರ ಹೆಸರಿನ ಕಡಲತೀರ ಈಗಲೂ ಕಾರವಾರದಲ್ಲಿದೆ.

ಮುಂಬೈ–ಗೋವಾ–ಕಾರವಾರ–ಮಂಗಳೂರು ನಡುವೆ ಪ್ರಯಾಣಿಕರ ಸ್ಟೀಮರ್‌ಗಳು ಓಡಿದ ಕಾಲವೂ ಇತ್ತು. ಹೊಳೆಗಳಿಗೆ ಸೇತುವೆ ಬಂತು, ಬಸ್ಸು ಬಂತು, 1998ರ ಜನವರಿಯಲ್ಲಿ ಕೊಂಕಣ ರೈಲು ಪೂರ್ಣವಾಯಿತು. ಕಡಲಿನ ದಾರಿಯನ್ನು ನಾವು ಮರೆತೆವು. ಈಗ ಕರಾವಳಿಯಲ್ಲೇ ಹುಟ್ಟಿ ಬೆಳೆದ ಬಹಳಷ್ಟು ಜನ ತಮ್ಮೂರನ್ನು ಒಮ್ಮೆಯೂ ಕಡಲಿನ ಕಡೆಯಿಂದ ನೋಡಿಲ್ಲ.

ಹಾಗಾದರೆ ಯಾಕಾಗಿಲ್ಲ?

ಮೊದಲ ಕಾರಣ ದುಡ್ಡು. 2025ರ ಸೆಪ್ಟೆಂಬರ್ 22ರಿಂದ ವಿಹಾರದ ಯಾಟ್‌ಗಳ ಮೇಲೆ ಜಿಎಸ್‌ಟಿ 40%. ಇದು ಶ್ರೀಮಂತರ ಚಟ, ತೆರಿಗೆ ಕಟ್ಟಲಿ ಅನ್ನುವ ವಾದ ಸುಳ್ಳಲ್ಲ. ಆದರೆ ಅದೇ ಪಟ್ಟಿಯಲ್ಲಿ ಕೋಟಿಗಟ್ಟಲೆಯ ಐಷಾರಾಮಿ ಯಾಟ್ ಮತ್ತು ನಾಲ್ವರು ಗೆಳೆಯರು ಸೇರಿ ಕೊಳ್ಳಬಹುದಾದ ಹಳೆ ಹಾಯಿದೋಣಿ ಎರಡನ್ನೂ ಒಟ್ಟಿಗೆ ಇಟ್ಟರೆ, ಉಳಿಯುವುದು ಕೋಟಿಯವರು ಮಾತ್ರ.

ಎರಡನೆಯದು ಘೋಷಣೆಗಳ ರೋಗ. ಬೈಂದೂರಿನಲ್ಲಿ ದೇಶದ ಮೊದಲ ಮರೀನಾ ಆಗಲಿದೆ ಎಂದು 2022ರಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಹೇಳಿದ್ದರು. ಕೊಚ್ಚಿಯಲ್ಲಿ ಅಷ್ಟೊತ್ತಿಗೆ ಮರೀನಾ ಇತ್ತು ಅನ್ನುವುದು ಬೇರೆ ಮಾತು. ನಮ್ಮ ಸರ್ಕಾರಗಳಿಗೆ, ಯಾವ ಪಕ್ಷದ್ದೇ ಇರಲಿ, ನೂರಾರು ಕೋಟಿಯ ಯೋಜನೆ ಕಣ್ಣಿಗೆ ಬೀಳುತ್ತೆ. ಹಳೆ ದಕ್ಕೆಯ ಪಕ್ಕ ನಾಲ್ಕು ಬೋಟ್ ಕಟ್ಟುವ ತೇಲುಗಟ್ಟೆ ಬೀಳುವುದಿಲ್ಲ.

ಮೂರನೆಯದು, ಅತಿ ಮುಖ್ಯವಾದದ್ದು, ಮೀನುಗಾರರ ಅಪನಂಬಿಕೆ. ಅದಕ್ಕೆ ಅವರಿಗೆ ಕಾರಣಗಳಿವೆ. ನೌಕಾನೆಲೆಗಾಗಿ ಕಾರವಾರ–ಅಂಕೋಲಾ ಕಡೆಯ ಊರುಗಳು ಎದ್ದುಹೋದವು. 2020ರ ಜನವರಿಯಲ್ಲಿ ಕಾರವಾರ ಬಂದರು ವಿಸ್ತರಣೆಯ ಅಲೆತಡೆಗೋಡೆ ವಿರುದ್ಧ ಮೀನುಗಾರರು ಬೀದಿಗಿಳಿದರು, ಕೆಲಸಕ್ಕೆ ಹೈಕೋರ್ಟ್ ತಡೆ ಕೊಟ್ಟಿತು. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಖಾಸಗಿ ಬಂದರಿನ ವಿರುದ್ಧ, ಅಂಕೋಲಾದ ಕೇಣಿಯಲ್ಲಿ ಇನ್ನೊಂದು ಬಂದರಿನ ವಿರುದ್ಧ ಹೋರಾಟ ನಡೆದಿದೆ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಬೋಟ್ 7 ಮೀನುಗಾರರ ಸಮೇತ ಕಾಣೆಯಾಯಿತು. ಅವಶೇಷ ಸಿಕ್ಕಿದ್ದು 2019ರ ಮೇನಲ್ಲಿ, ಮಾಲ್ವಣದ ಆಚೆ ಸಮುದ್ರದ ತಳದಲ್ಲಿ. ದುಡಿಯಲು ಹೋದವರನ್ನು ಹುಡುಕಲು ನಾಲ್ಕು ತಿಂಗಳಿಗೂ ಹೆಚ್ಚು ಹಿಡಿದ ಕಡಲಿಗೆ ವಿಹಾರಕ್ಕೆ ಬರುವವರಿಗೆ ರತ್ನಗಂಬಳಿ ಹಾಸಿ ಅಂದರೆ ಮಲ್ಪೆಯವರಿಗೆ ಸಿಟ್ಟು ಬರದೆ ಇರುತ್ತದೆಯೇ?

ಏನು ಮಾಡಬಹುದು?

ನನ್ನ ವಾದ ಇಷ್ಟು: ದೊಡ್ಡ ಮರೀನಾ ಬೇಡ, ಸಣ್ಣ ನಿಲುಗಡೆ ಬೇಕು. ಮತ್ತು ಅದು ಮೀನುಗಾರರ ಕೈಯಲ್ಲಿರಬೇಕು.

ಕಾರವಾರ, ತದಡಿ, ಹೊನ್ನಾವರ, ಭಟ್ಕಳ, ಗಂಗೊಳ್ಳಿ, ಮಲ್ಪೆ, ಮಂಗಳೂರು: ಏಳು ಜಾಗದಲ್ಲಿ ನಾಲ್ಕೋ ಆರೋ ಬೋಟ್ ನಿಲ್ಲುವಷ್ಟು ತೇಲುಗಟ್ಟೆ ಅಥವಾ ಅಳಿವೆಯೊಳಗೆ ಗಟ್ಟಿಯಾದ ಬೋಯ್ ಸಾಕು. ಕರಾವಳಿ ನಿಯಂತ್ರಣ ವಲಯದ 2019ರ ಅಧಿಸೂಚನೆ ಪ್ರಕಾರ ಜೆಟ್ಟಿಯಂಥ, ನೀರಂಚಿನಲ್ಲೇ ಇರಬೇಕಾದ ಕಟ್ಟಡಗಳಿಗೆ ಅನುಮತಿ ಪಡೆಯಲು ಅವಕಾಶವಿದೆ. ಗುಡ್ಡ ಕಡಿಯಬೇಕಿಲ್ಲ, ಮರಳು ತೋಡಬೇಕಿಲ್ಲ. ರಾತ್ರಿ ನಿಲುಗಡೆಯ ಶುಲ್ಕ ಆ ಊರಿನ ಮೀನುಗಾರರ ಸಹಕಾರ ಸಂಘಕ್ಕೆ ಹೋಗಲಿ. ಅಳಿವೆಯೊಳಗೆ ದಾರಿ ತೋರಿಸುವ ಕೆಲಸಕ್ಕೆ ನಿವೃತ್ತ ತಾಂಡೇಲರಿಗೆ ದರ ನಿಗದಿಯಾಗಲಿ. ನಿಮಗೆ ಒಂದು ಮಧ್ಯಾಹ್ನದಲ್ಲಿ ಬೋಟ್ ಉಳಿಸಿಕೊಡುವ ಜ್ಞಾನ ಅವರಲ್ಲಿದೆ. ಇವತ್ತು ಅದಕ್ಕೆ ಬೆಲೆಯೇ ಇಲ್ಲ.

ಎರಡನೆಯದಾಗಿ, ಒಂದೇ ಅರ್ಜಿ. ಎಲ್ಲಿಂದ ಎಲ್ಲಿಗೆ, ಯಾರ್ಯಾರು, ಯಾವ ಬೋಟ್ ಅಂತ ಒಂದು ಕಡೆ ತುಂಬಿದರೆ ಮ್ಯಾರಿಟೈಮ್ ಬೋರ್ಡ್, ಕರಾವಳಿ ಪೊಲೀಸ್, ಕೋಸ್ಟ್ ಗಾರ್ಡ್ ಮೂವರಿಗೂ ಹೋಗಬೇಕು. ಯಾವ ನೀರಿಗೆ ಹೋಗಬಾರದು ಅನ್ನುವುದು ಅದರಲ್ಲೇ ಸ್ಪಷ್ಟವಾಗಿರಬೇಕು. ಭದ್ರತೆಗೂ ಇದು ಒಳ್ಳೆಯದು. ಹೇಳಿ ಹೋಗುವ ಬೋಟ್ ಮೇಲೆ ಕಣ್ಣಿಡುವುದು ಸುಲಭ. ಮೂರನೆಯದಾಗಿ, ಮಳೆಗಾಲ ಕಳೆದ ಕೂಡಲೇ ಪ್ರತಿ ಅಳಿವೆಯ ಆಳ ಅಳೆದು, ಕಾಲುವೆಗೆ ಬೋಯ್ ಹಾಕಿ, ನಕ್ಷೆಯನ್ನು ಕನ್ನಡದಲ್ಲಿ ಪ್ರಕಟಿಸಬೇಕು. ಇದರ ಮೊದಲ ಫಲಾನುಭವಿ ಹಾಯಿದೋಣಿಯವನಲ್ಲ, ದಿನಾ ಆ ಬಾಗಿಲು ದಾಟುವ ನಾಡದೋಣಿಯವನು. ನಿಜ ಹೇಳಬೇಕೆಂದರೆ ಇಡೀ ಪಟ್ಟಿಯಲ್ಲಿ ಮೊದಲು ಆಗಬೇಕಾದ್ದು ಇದೇ.

ಈಗಲೇ ಹೋಗಬೇಕು ಅಂದ್ರೆ?

ಮೊದಲು ಬೋಟ್ ಕೊಳ್ಳಬೇಡಿ, ಕಲಿಯಿರಿ. ಬೆಂಗಳೂರಿನಲ್ಲೇ ಹಲಸೂರು ಕೆರೆಯಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪ್‌ನವರ ತೃಷ್ಣಾ ಸೇಲಿಂಗ್ ಕ್ಲಬ್ ಇದೆ. 1985–87ರಲ್ಲಿ ಭೂಮಿ ಸುತ್ತಿ ಬಂದ ಸೇನಾ ಎಂಜಿನಿಯರ್‌ಗಳ 'ತೃಷ್ಣಾ' ಹಾಯಿದೋಣಿಯ ಹೆಸರು ಅದು. ಸಮುದ್ರವೇ ಇಲ್ಲದ ಊರಿನಲ್ಲಿ ಹಾಯಿ ಹಿಡಿಯುವ ಪಾಠ ನಡೆಯುತ್ತೆ ಅಂತ ಎಷ್ಟೋ ಜನರಿಗೆ ಗೊತ್ತಿಲ್ಲ.

ಆಮೇಲೆ ಒಂದು ಚಳಿಗಾಲ ಬೇರೆಯವರ ಬೋಟ್‌ನಲ್ಲಿ ಹೋಗಿ. ಮಲ್ಪೆಯಿಂದ ಸೇಂಟ್ ಮೇರೀಸ್, ಮುರ್ಡೇಶ್ವರದಿಂದ ನೇತ್ರಾಣಿ, ತದಡಿಯಿಂದ ಅಘನಾಶಿನಿ ಊರಿಗೆ ಕಡವು, ಹೊನ್ನಾವರದ ಕಾಂಡ್ಲಾ ಕಾಡಿನ ದೋಣಿ. ಎಲ್ಲದರಲ್ಲೂ ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ, ಜನ ಹೆಚ್ಚಿದ್ದರೆ ಇಳಿದುಬಿಡಿ. ಹೊರಡುವ ಮುನ್ನ ಹೈದರಾಬಾದಿನ ಇಂಕಾಯ್ಸ್ ಸಂಸ್ಥೆಯ ಅಲೆಗಳ ಮುನ್ಸೂಚನೆ, ಹವಾಮಾನ ಇಲಾಖೆಯ ಮೀನುಗಾರರ ಎಚ್ಚರಿಕೆ ಎರಡನ್ನೂ ನೋಡಿ. ನೌಕಾ ನಕ್ಷೆಗಳನ್ನು ಡೆಹ್ರಾಡೂನಿನ ರಾಷ್ಟ್ರೀಯ ಜಲಮಾಪನ ಕಚೇರಿ ಪ್ರಕಟಿಸುತ್ತೆ. ಮೊಬೈಲ್ ಮ್ಯಾಪ್‌ನಲ್ಲಿ ನೀರಿನ ಆಳ ಇರುವುದಿಲ್ಲ.

ಸ್ವಂತ ಬೋಟ್ ಆದ ಮೇಲೆ, ಪ್ರತಿ ಬಂದರಿಗೆ ಒಂದು ವಾರ ಮೊದಲು ರಸ್ತೆಯಲ್ಲೇ ಒಮ್ಮೆ ಹೋಗಿ ಬನ್ನಿ. ಬಂದರು ಕಚೇರಿಯಲ್ಲಿ ಬರವಣಿಗೆಯಲ್ಲಿ ತಿಳಿಸಿ, ಕರಾವಳಿ ಪೊಲೀಸ್ ಠಾಣೆಗೆ ಪ್ರತಿ ಕೊಡಿ, ದಕ್ಕೆಯಲ್ಲಿ ಮೀನುಗಾರರ ಸಂಘದವರ ಜೊತೆ ಕೂತು ಮಾತಾಡಿ. ಮೀನು ಇಳಿಸುವ ಹೊತ್ತಲ್ಲಿ ದಕ್ಕೆಗೆ ಬೋಟ್ ತರಬೇಡಿ. ಅವರಿಗೆ ಸಿಗುವ ತೆರಿಗೆ ವಿನಾಯಿತಿಯ ಡೀಸೆಲ್ ಕೇಳಬೇಡಿ, ಅದು ನಿಮಗಲ್ಲ. ಕಸವನ್ನು ನೀರಿಗೆ ಬಿಡಬೇಡಿ.

ಟೀ ಅಂಗಡಿಯ ಗೆಳೆಯರಿಗೆ ಇಷ್ಟನ್ನೂ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅಂದ್ರೆ ಆಗುತ್ತೆ, ಆದ್ರೆ ಆಗಲ್ಲ ಅಂತಾಯ್ತು" ಅಂದರು. ಹೌದು, ಸದ್ಯಕ್ಕೆ ಅದೇ ಉತ್ತರ. ಕಡಲು, ಗಾಳಿ, ದೂರ ಮೂರೂ ಅನುಕೂಲಕರವಾಗಿವೆ. ಬೇಕಿರುವುದು ಏಳು ಊರುಗಳಲ್ಲಿ ಬೋಟ್ ಕಟ್ಟಲು ಒಂದು ಗೂಟ ಮತ್ತು ಅಲ್ಲಿನವರ ಒಪ್ಪಿಗೆ. ಸರ್ಕಾರ ಮೊದಲನೆಯದನ್ನು ಕೊಡಬಹುದು. ಎರಡನೆಯದನ್ನು ಕೇಳಿ ಪಡೆಯಬೇಕು.